ಗುಂಟೂರಮ್ಮನ ಸತ್ಕ್ರಿಯೆಗಳು

ವಿಶಾಖಪಟ್ಟಣದ ಋಷಿಕೊಂಡದಲ್ಲಿ ಗುಡ್ಡದ ಮೇಲೆ ಐಟಿ ಕಂಪನಿಗಳು, ಕೆಳಗೆ ಸಮುದ್ರ, ನಡುವೆ ಅಪಾರ್ಟ್‌ಮೆಂಟುಗಳು. ಅಂಥದೊಂದು ಅಪಾರ್ಟ್‌ಮೆಂಟಿಗೆ ಪ್ರತಿ ಬೇಸಿಗೆ, ಮೆಣಸಿನಕಾಯಿ ಕೊಯ್ಲು ಮುಗಿದ ಮೇಲೆ, ಗುಂಟೂರು ಜಿಲ್ಲೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ಮಗನ ಮನೆಗೆ ಬಂದಿಳಿಯುತ್ತಾರೆ. ಅವರ ನಿಜವಾದ ಹೆಸರು ವಾಚ್‌ಮನ್‌ಗೂ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಅವರು ಗುಂಟೂರಮ್ಮ. ಲಿಫ್ಟಿನಲ್ಲಿ ಅವರಿಗಿಂತ ಮೊದಲು ಅವರ ಗಂಟುಮೂಟೆ ಏರುತ್ತದೆ: ಗೋಂಗುರ ಪಚ್ಚಡಿಯ ಜಾಡಿ, ಎಮ್ಮೆ ತುಪ್ಪದ ಡಬ್ಬ, ತೊಗರಿಬೇಳೆ, ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿದ ಕಾರದಪುಡಿ. ಕೆಳಗೆ ವಾಚ್‌ಮನ್ ಸೀನಿದರೆ ಮೇಲಿನ ಮಹಡಿಯವರಿಗೆ ತಿಳಿಯುತ್ತದೆ, ಅಮ್ಮ ಬಂದರು.

ಗುಂಟೂರಮ್ಮ ಲೂಥರನ್. ಅಂದರೆ ಜರ್ಮನಿಯ ಮಾರ್ಟಿನ್ ಲೂಥರ್ 1517ರಲ್ಲಿ ಎಬ್ಬಿಸಿದ ಗಲಾಟೆಯ ವಾರಸುದಾರಿಣಿ. ಲೂಥರ್ ಹೇಳಿದ್ದರ ಸಾರ ಇಷ್ಟು: ಮನುಷ್ಯನಿಗೆ ಮುಕ್ತಿ ಸಿಗುವುದು ನಂಬಿಕೆಯಿಂದ, ಮಾಡಿದ ಕೆಲಸಗಳಿಂದಲ್ಲ. ಈ ಮಾತು ಗಂಡಸರಿಗೆ ತಕ್ಷಣ ಅರ್ಥವಾಯಿತು. ಹೆಂಗಸರಿಗೆ ಅದನ್ನು ಕೂತು ಕೇಳಲು ಪುರಸೊತ್ತಾಗಲಿಲ್ಲ. ಬೋಧನೆ ಮುಗಿಯುವ ಹೊತ್ತಿಗೆ ಊಟ ತಯಾರಾಗಿರಬೇಕಲ್ಲ.

ಇದು ಲೂಥರನ ಮನೆಯಿಂದಲೇ ಶುರುವಾದ ಪದ್ಧತಿ. ಅವನ ಹೆಂಡತಿ ಕ್ಯಾಥರೀನಾ ಫಾನ್ ಬೋರಾ ಮೊದಲು ಸನ್ಯಾಸಿನಿ. 1523ರಲ್ಲಿ ಮೀನು ವ್ಯಾಪಾರಿಯೊಬ್ಬನ ಬಂಡಿ ಹತ್ತಿ ಮಠದಿಂದ ಪಾರಾದವಳು, 1525ರಲ್ಲಿ ಲೂಥರನನ್ನು ಮದುವೆಯಾದಳು. ಅವನು ಗ್ರಂಥ ಬರೆದ. ಅವಳು ದನ ಸಾಕಿದಳು, ಹಂದಿ ಸಾಕಿದಳು, ಬಿಯರ್ ಕಾಸಿದಳು, ಮನೆಯಲ್ಲಿ ಬೀಡುಬಿಟ್ಟ ವಿದ್ಯಾರ್ಥಿಗಳ ಹಾಗೂ ಅತಿಥಿಗಳ ದಂಡಿಗೆ ಅಡುಗೆ ಮಾಡಿಸಿದಳು. ಸಾಲದ್ದಕ್ಕೆ 1540ರಲ್ಲಿ ಜುಲ್ಸ್‌ಡಾರ್ಫ್ ಎಂಬಲ್ಲಿ ಒಂದು ಜಮೀನನ್ನೂ ಮಾಡಿಕೊಂಡಳು. ಗಂಡ ಅವಳನ್ನು ತಮಾಷೆಗೆ ‘ಯಜಮಾನ’ ಎಂದು ಕರೆಯುತ್ತಿದ್ದ, ಕಾಗದ ಬರೆದಾಗ ಹಂದಿಸಂತೆಯ ಒಡತಿ ಎಂದೂ ಸಂಬೋಧಿಸುತ್ತಿದ್ದ. ಜಗತ್ತಿನ ಮೊದಲ ಲೂಥರನ್ ರೈತ ಗೃಹಿಣಿ ಅವಳೇ. ನಂಬಿಕೆಯೊಂದೇ ಸಾಕು ಎಂದವನ ಸಂಸಾರ ಅವಳ ಕೆಲಸದಿಂದ ನಡೆಯಿತು.

ವಿಟೆನ್‌ಬರ್ಗಿನ ಈ ಪದ್ಧತಿ ಗುಂಟೂರಿಗೆ ಬಂದದ್ದು ಅಮೆರಿಕದ ದಾರಿಯಿಂದ. ಜಾನ್ ಕ್ರಿಶ್ಚಿಯನ್ ಫ್ರೆಡರಿಕ್ ಹೇಯರ್ ಎಂಬ ಪಾದ್ರಿ ಜರ್ಮನಿಯಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಅಮೆರಿಕಕ್ಕೆ ಹೋಗಿ, 1842ರ ಜುಲೈ 31ರಂದು ಗುಂಟೂರು ತಲುಪಿದ. ಆಗ ಅವನಿಗೆ 49 ವರ್ಷ. ನಡುವೆ ಅಮೆರಿಕಕ್ಕೆ ಮರಳಿ ವೈದ್ಯ ಪದವಿ ಪಡೆದು ಮತ್ತೆ ಬಂದ, ಪಲ್ನಾಡಿನ ಬಿಸಿಲಲ್ಲಿ ತಿರುಗಿದ. ವಯಸ್ಸಾಯಿತೆಂದು ಮತ್ತೆ ಹೊರಟವನು ಮನೆಯಲ್ಲಿ ಕೂತನೇ? ಇಲ್ಲ, ಮಿನ್ನೆಸೋಟಾಕ್ಕೆ ಹೋದ. 1860ರಲ್ಲಿ ಅಲ್ಲಿಯ ಲೂಥರನ್ ಚರ್ಚುಗಳನ್ನು ಕೂಡಿಸಿ ಮಿನ್ನೆಸೋಟಾ ಸಿನಡ್ ಕಟ್ಟಿದಾಗ ಅದರ ಮೊದಲ ಅಧ್ಯಕ್ಷನೂ ಅವನೇ. ಅಲ್ಲಿಗೂ ಮುಗಿಯಲಿಲ್ಲ. ಎಪ್ಪತ್ತು ದಾಟಿದ ಮೇಲೆ ಮೂರನೆಯ ಸಲ ಆಂಧ್ರಕ್ಕೆ ಬಂದು ರಾಜಮಹೇಂದ್ರಿಯಲ್ಲಿ ನಿಂತ. ಹೀಗಾಗಿ ಹಿಮ ಬೀಳುವ ಮಿನ್ನೆಸೋಟಾದ ರೈತ ಹೆಂಗಸಿಗೂ ಮೆಣಸಿನಕಾಯಿ ಬೆಳೆಯುವ ಗುಂಟೂರಮ್ಮನಿಗೂ ಮೂಲಪುರುಷ ಒಬ್ಬನೇ. ಇಬ್ಬರೂ ಒಂದೇ ಮನೆತನದ ಸೊಸೆಯರು ಎನ್ನಬಹುದು.

ಈ ಓರಗಿತ್ತಿಯ ಸುದ್ದಿ ಗುಂಟೂರಮ್ಮನಿಗೆ ಮುಟ್ಟಿಸಿದವನು ಮಗ. ಅವನು ಕಂಪನಿ ಕೆಲಸದ ಮೇಲೆ ಕೆಲಕಾಲ ಮಿನ್ನೆಸೋಟಾದ ಮಿನಿಯಾಪೊಲಿಸಿನಲ್ಲಿದ್ದ. ಭಾನುವಾರ ಸುತ್ತಲಿನ ಹಳ್ಳಿಗಳ ಲೂಥರನ್ ಚರ್ಚುಗಳಿಗೂ ಹೋಗಿ ಬಂದಿದ್ದ. ಸಂಜೆ ಕಾಫಿ ಹೊತ್ತಿಗೆ ಅವನ ವರದಿ ಶುರುವಾದರೆ ಎದುರು ಮನೆಯ ಉಡುಪಿ ಹೆಣ್ಣುಮಗಳೂ ಬಂದು ಕೂರುತ್ತಿದ್ದಳು. ಗಂಡ ವಿಶಾಖಪಟ್ಟಣದ ಬ್ಯಾಂಕಿನಲ್ಲಿ, ತವರು ಬಾಸೆಲ್ ಮಿಷನ್ ಕಾಲದಿಂದ ಬಂದ ಚರ್ಚಿನ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಪಂಥದವರೂ ಇದ್ದರು. ಹಾಗಾಗಿ ಅವಳು ತನ್ನನ್ನು ಅರ್ಧ ಲೂಥರನ್ ಎಂದು ಲೆಕ್ಕ ಹಾಕಿಕೊಂಡಿದ್ದಳು. ಅವಳಿಗೆ ಗುಂಟೂರಮ್ಮ ‘ಪಿನ್ನಿ’, ಅಂದರೆ ಚಿಕ್ಕಮ್ಮ. ಗುಂಟೂರಮ್ಮನಿಗೆ ಅವಳು ‘ಅಮ್ಮಾಯಿ’, ಅಂದರೆ ಹುಡುಗಿ.

“ಅಲ್ಲಿ ಚರ್ಚಿನ ಕೆಳಗೆ ನೆಲಮಾಳಿಗೆ ಇರುತ್ತಮ್ಮಾ. ಹೆಂಗಸರೆಲ್ಲ ಅಲ್ಲೇ ಅಡುಗೆ ಮಾಡೋದು” ಎಂದ ಮಗ.

“ಮೇಲೆ ಗಂಡಸರೇನು ಮಾಡ್ತಾರೆ?”

“ಮೀಟಿಂಗ್.”

“ಹಾಗಾದರೆ ನಮ್ಮವರೇ” ಎಂದರು ಗುಂಟೂರಮ್ಮ.

ಆದರೆ ಆ ನೆಲಮಾಳಿಗೆಯ ಅಡುಗೆಯ ವಿವರ ಕೇಳುತ್ತ ಕೇಳುತ್ತ ಅವರ ಬಂಧುಪ್ರೇಮ ಕುಗ್ಗಿತು. ಅಲ್ಲಿಯ ಪ್ರಧಾನ ಭಕ್ಷ್ಯ ಹಾಟ್‌ಡಿಶ್. ಖೀಮಾ, ತರಕಾರಿ, ಆಲೂಗಡ್ಡೆ ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು, ಡಬ್ಬಿಯ ಅಣಬೆ ಸೂಪು ಹೊಯ್ದು, ಓವನ್ನಿನಲ್ಲಿಟ್ಟರೆ ಆಯಿತು. ಎಲ್ಲವನ್ನೂ ಅಂಟಿಸುವ ಆ ಸೂಪಿಗೆ ಅಲ್ಲಿಯವರು ತಮಾಷೆಗೆ ‘ಲೂಥರನ್ ಬೈಂಡರ್’ ಎನ್ನುತ್ತಾರೆ. ಹಾಟ್‌ಡಿಶ್ ಹೆಸರಿನ ಪಾಕವಿಧಿ ಅಚ್ಚಾದದ್ದು ಮಿನ್ನೆಸೋಟಾದ ಮಂಕೇಟೊ ಊರಿನ ಗ್ರೇಸ್ ಲೂಥರನ್ ಚರ್ಚಿನ ಮಹಿಳೆಯರು 1930ರಲ್ಲಿ ತಂದ ಅಡುಗೆ ಪುಸ್ತಕದಲ್ಲಿ. ಸಾವು, ಮದುವೆ, ಬಾಣಂತನ, ಯಾವುದಕ್ಕಾದರೂ ನೆರೆಹೊರೆಯವರು ಬಾಗಿಲು ತಟ್ಟುವುದು ಒಂದು ಹಾಟ್‌ಡಿಶ್ ಹಿಡಿದುಕೊಂಡೇ.

“ಕಾರ?” ಗುಂಟೂರಮ್ಮ ಕೇಳಿದರು.

“ಕರಿಮೆಣಸು ಸ್ವಲ್ಪ. ಅದೂ ಹಬ್ಬಕ್ಕೆ.”

ಗುಂಟೂರಮ್ಮ ಮೌನವಾದರು. ಮಗ ಬಿಡಲಿಲ್ಲ. ಸ್ವೀಡನ್ನಿನಿಂದ ಹೋದವರ ಚರ್ಚುಗಳಲ್ಲಿ ಕಾಫಿಪುಡಿಗೆ ಹಸಿ ಮೊಟ್ಟೆ ಒಡೆದು ಕಲಸಿ ಕುದಿಸುತ್ತಾರೆ, ಚರಟವೆಲ್ಲ ಮೊಟ್ಟೆಗೆ ಅಂಟಿಕೊಂಡು ಕಾಫಿ ತಿಳಿಯಾಗುತ್ತದೆ ಎಂದ. ನಾರ್ವೆಯಿಂದ ಹೋದವರು ಒಣಗಿಸಿದ ಕಾಡ್ ಮೀನನ್ನು ಕ್ಷಾರದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಮತ್ತೆ ತಿಳಿನೀರಿನಲ್ಲಿ ತೊಳೆದು, ಲೋಳೆಯಂತಾದ ಮೇಲೆ ಬೇಯಿಸಿ ಬೆಣ್ಣೆ ಸುರಿದು ತಿನ್ನುತ್ತಾರೆ, ಅದರ ಹೆಸರು ಲೂಟೆಫಿಸ್ಕ್ ಎಂದ.

ಉಡುಪಿಯಾಕೆ ನುಂಗೆಲ್ ಎಂಬ ಒಣಮೀನಿನ ಚಟ್ನಿಯನ್ನು ನೆನೆದು ನಿಟ್ಟುಸಿರಿಟ್ಟಳು. ಗುಂಟೂರಮ್ಮ ಒಣ ಸೀಗಡಿ ಹಾಕಿದ ಗೋಂಗುರವನ್ನು ನೆನೆದು ಶಿಲುಬೆಯ ಕಡೆ ನೋಡಿದರು. ಒಣಮೀನಿಗೆ ಇಷ್ಟು ಅನ್ಯಾಯ ಮಾಡಿದವರನ್ನೂ ದೇವರು ಕೃಪೆಯಿಂದ ಉಳಿಸುತ್ತಾನೆಂದರೆ ಲೂಥರ್ ಹೇಳಿದ್ದು ಸರಿಯೇ ಇರಬೇಕು ಎಂದರು.

ಅಡುಗೆಯೊಂದನ್ನು ಬಿಟ್ಟರೆ ಓರಗಿತ್ತಿಯರ ದಿನಚರಿ ಒಂದೇ. ಅಲ್ಲಿ ಹಸು, ಇಲ್ಲಿ ಎಮ್ಮೆ. ಅಲ್ಲಿ ಮೆಕ್ಕೆಜೋಳ, ಸೋಯಾ. ಇಲ್ಲಿ ತೇಜ, ಸಣ್ಣಂ ಮೆಣಸಿನಕಾಯಿ. ಜನವರಿಯಿಂದ ಕೊಯ್ಲು. ಬಿಸಿಲೇರುವ ಮೊದಲೇ ಕೂಲಿ ಹೆಂಗಸರ ಜೊತೆ ಹೊಲಕ್ಕಿಳಿದು ಕಾಯಿ ಬಿಡಿಸಬೇಕು, ಕಣದಲ್ಲಿ ಹರಡಬೇಕು, ಮೋಡ ಕಂಡರೆ ಪ್ರಾರ್ಥನೆ ಮತ್ತು ಟಾರ್ಪಾಲು ಎರಡನ್ನೂ ಒಟ್ಟಿಗೆ ಬಿಚ್ಚಬೇಕು. ಗಂಡ ಚೀಲ ಹೇರಿಕೊಂಡು ಗುಂಟೂರಿನ ಮಿರ್ಚಿ ಯಾರ್ಡಿಗೆ ಹೋಗುತ್ತಾರೆ. ರೇಟು ಹೇಳುವುದು ಕಮಿಷನ್ ಏಜೆಂಟ್, ತಲೆಯಾಡಿಸುವುದು ಗಂಡ, ಫೋನಿನಲ್ಲಿ “ಇವತ್ತು ಕೊಡಬೇಡಿ” ಎಂದು ತೀರ್ಮಾನಿಸುವುದು ಗುಂಟೂರಮ್ಮ. ಕ್ಯಾಥರೀನಾಳ ಯಜಮಾನಿಕೆ ಇಲ್ಲಿಗೂ ಬಂದಿದೆ.

ಭಾನುವಾರ ವಿಶ್ರಾಂತಿಯ ದಿನವೆಂದು ಚರ್ಚು ಹೇಳುತ್ತದೆ. ಗುಂಟೂರಮ್ಮನ ಭಾನುವಾರ ಹಾಲು ಕರೆದು, ಕೋಳಿ ಹೆಚ್ಚಿ, ಮೊಮ್ಮಕ್ಕಳಿಗೆ ಎಣ್ಣೆ ಹಚ್ಚಿ, ಗಂಡನ ಬಿಳಿ ಷರ್ಟು ಇಸ್ತ್ರಿ ಮಾಡಿ ಚರ್ಚು ತಲುಪುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಉಪದೇಶದ ಹೊತ್ತಿಗೆ ಅವರು ಕಣ್ಣು ಮುಚ್ಚುವುದು ಭಕ್ತಿಯಿಂದಲೋ ನಿದ್ದೆಯಿಂದಲೋ ಎಂದು ಪಾದ್ರಿ ಅಯ್ಯಗಾರು ಕೇಳುವುದಿಲ್ಲ. ಪ್ರೇಮವಿಂದು ಎಂಬ ಸಹಭೋಜನಕ್ಕೆ ಬಿರಿಯಾನಿ ಇಳಿಸುವವರು ಇವರೇ ಅಲ್ಲವೇ?

ಈ ಹೆಂಗಸರ ಚಿಲ್ಲರೆ ಕಾಸಿನ ಮಹಿಮೆ ದೊಡ್ಡದು. 1879ರಲ್ಲಿ ಓಹಾಯೊದ ಕ್ಯಾಂಟನ್ ಊರಿನಲ್ಲಿ ಅಮೆರಿಕದ ಲೂಥರನ್ ಮಹಿಳೆಯರು ತಮ್ಮದೇ ಒಂದು ಮಿಷನ್ ಸಂಘ ಕಟ್ಟಿದರು. ಬೆಣ್ಣೆ ಮಾರಿದ್ದು, ಮೊಟ್ಟೆ ಮಾರಿದ್ದು ಎಲ್ಲ ಕಾಣಿಕೆ ಡಬ್ಬಿಗೆ ಬೀಳುತ್ತಿದ್ದ ಕಾಲ ಅದು. ಅವರು ಕಳಿಸಿದ ಡಾಕ್ಟರ್ ಆ್ಯನಾ ಕುಗ್ಲರ್ 1883ರಲ್ಲಿ ಗುಂಟೂರಿಗೆ ಬಂದರು. 1898ರಲ್ಲಿ ಅಲ್ಲಿ ಹೆಂಗಸರ ಆಸ್ಪತ್ರೆ ತೆರೆಯಿತು, ಮುಂದೆ ಅದಕ್ಕೆ ಕುಗ್ಲರ್ ಹೆಸರೇ ನಿಂತಿತು. ಅಲ್ಲಿಯ ಹೆರಿಗೆಯಿಂದ ಉಪಕೃತರಾದ ಏಲೂರಿನ ರಾಜರು ಆಸ್ಪತ್ರೆಯೆದುರು ರೋಗಿಗಳ ಕಡೆಯವರಿಗೆ ಛತ್ರ ಕಟ್ಟಿಸಿಕೊಟ್ಟರು. ಇತ್ತ ದಕ್ಷಿಣ ಭಾರತದ ಎಷ್ಟೋ ಚರ್ಚುಗಳ ಹೆಂಗಸರದ್ದು ಹಿಡಿಯಕ್ಕಿ ಲೆಕ್ಕ: ಅನ್ನಕ್ಕಿಡುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು, ವಾರದ ಕೊನೆಗೆ ಚರ್ಚಿಗೆ ಕೊಡುವುದು. ಆಂಧ್ರ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಸ್ವತಂತ್ರ ಸಂಸ್ಥೆಯಾಗಿ ರೂಪುಗೊಂಡದ್ದು 1927ರಲ್ಲಿ. ಗಂಡಸರು ಅದರ ಚುನಾವಣೆಗೆ ನಿಂತರು, ಕೋರ್ಟಿಗೂ ಹೋದರು. ಹೆಂಗಸರು ಹಿಡಿಯಕ್ಕಿ ನಿಲ್ಲಿಸಲಿಲ್ಲ.

ಎಲ್ಲಕ್ಕಿಂತ ಗಮ್ಮತ್ತಿನದು ಸುಗ್ಗಿಯ ಆರಾಧನೆ. ಗುಂಟೂರಿನ ಕಡೆ ಕೋತಪಂಡುಗ, ಉಡುಪಿ ಮಂಗಳೂರಿನ ಕಡೆ ಬೆಳೆ ಹಬ್ಬ. ಭತ್ತ, ಕುಂಬಳ, ಬಾಳೆಗೊನೆ, ಕೋಳಿ, ಮೊಟ್ಟೆ, ಉಪ್ಪಿನಕಾಯಿ ಎಲ್ಲ ದೇವರ ಮುಂದೆ ಬಂದು ಕೂರುತ್ತವೆ. ಆರಾಧನೆ ಮುಗಿದೊಡನೆ ಏಲಂ. ಗುಂಟೂರಮ್ಮ ತಾವೇ ಕೊಟ್ಟ ಕೋಳಿಯನ್ನು ತಾವೇ ನಾಲ್ಕು ಪಟ್ಟು ಬೆಲೆಗೆ ಬಿಡಿಸಿಕೊಂಡು ಬಂದದ್ದುಂಟು. ಮೊಟ್ಟೆಯಿಡುವ ಕೋಳಿ, ಬೇರೆಯವರ ಸಾರಿಗೆ ಹೋಗುವುದು ಮನಸ್ಸಿಗೆ ಒಪ್ಪಲಿಲ್ಲ. ಉಡುಪಿಯಾಕೆಯ ತಂದೆಯೂ ಹೀಗೆಯೇ ಒಂದು ಹಲಸಿನ ಹಣ್ಣಿಗಾಗಿ ಭಾವನ ಜೊತೆ ಮಾತು ಬಿಟ್ಟಿದ್ದರಂತೆ.

ಕರಾವಳಿಯಲ್ಲಾಗಲಿ ಗುಂಟೂರಿನಲ್ಲಾಗಲಿ ಅಂಥದೊಂದು ಹಬ್ಬಕ್ಕೆ ಕರೆ ಬಂದರೆ ಓದುಗರು ಖಂಡಿತ ಹೋಗಿ. ಚಿಲ್ಲರೆ ತೆಗೆದುಕೊಂಡು ಹೋಗಿ, ಊಟ ಬಿಡಬೇಡಿ. ಏಲಂ ನಡೆಯುವಾಗ ಮಾತ್ರ ಕೈ ಕಟ್ಟಿ ಕೂತಿರಿ. ತಲೆ ಕೆರೆದುಕೊಳ್ಳಲು ಕೈಯೆತ್ತಿದರೂ ಬೂದುಗುಂಬಳ ನಿಮ್ಮ ಹೆಸರಿಗೆ ಬೀಳುತ್ತದೆ. ಹೆಂಗಸರ ಸಂಘದ ಲೆಕ್ಕದ ಪುಸ್ತಕದಲ್ಲಿ ಸಾಲ ಬರೆಯುವ ಕಾಲಂ ಇರುವುದಿಲ್ಲ.