ತಂತಿ ರಾಯರು

ನಮ್ಮ ಬಡಾವಣೆಯ ತಂತಿ ರಾಯರು ಹಾಡು ಕೇಳುವವರಲ್ಲ. ಹಾಡು ಹಾಕಿಕೊಂಡು ಯಂತ್ರವನ್ನು ಕೇಳುವವರು. ಮನೆಗೆ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಚೌಡಯ್ಯನವರ ಪಿಟೀಲಿನ ಅದೇ ತುಣುಕು. ಪಲ್ಲವಿಯನ್ನು ದಾಟಲು ಅವರು ಬಿಟ್ಟದ್ದೇ ಇಲ್ಲ. ‘ಕೇಳಿದಿರಾ, ಕಮಾನು ತಂತಿಗೆ ತಾಗೋಕೆ ಮುಂಚಿನ ಆ ಮೌನ!’ ಎಂದು ನಿಲ್ಲಿಸಿಬಿಡುತ್ತಾರೆ.

ಚೌಡಯ್ಯನವರ ಕಾಲದ ಆ ಧ್ವನಿಮುದ್ರಣ ಮೋನೋ. ಅದರಲ್ಲಿ ಎಡಬಲಗಳ ಭೇದವೇ ಇಲ್ಲ. ಆದರೂ ರಾಯರಿಗೆ ಮೃದಂಗದವರು ಎಡಗಡೆ ಕಿಟಕಿಯ ಪಕ್ಕ ಕೂತದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಮೈಕಿಲ್ಲದ ದಿನಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲಿ ಎಂದು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಏಳಕ್ಕೆ ಏರಿಸಿದರು. ರಾಯರು ಎಂಟನೆಯದನ್ನು ಸೇರಿಸಿದ್ದಾರೆ: ₹40,000ದ ಕರೆಂಟು ವೈರು.

‘ಶರಾವತಿಯಿಂದ ನೂರಾರು ಕಿಲೋಮೀಟರ್ ಬಂದ ಕರೆಂಟು ಕೊನೇ ಒಂದೂವರೆ ಮೀಟರಿನಲ್ಲಿ ಶುದ್ಧವಾಗುತ್ತಾ ಸಾರ್?’ ಎಂದೆ.

‘ಶರಾವತಿದು ಪರವಾಗಿಲ್ಲ, ತಂಪಾಗಿ ನುಡಿಯುತ್ತೆ. ರಾಯಚೂರಿಂದು ಕಲ್ಲಿದ್ದಲು ನೋಡಿ, ಮಂದ್ರದಲ್ಲಿ ಸ್ವಲ್ಪ ಮಸಿ.’

ಅಮೆರಿಕದ ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನಪಿಸಿದೆ. ಹೈ-ರೆಸಲ್ಯೂಶನ್ ಡಿಸ್ಕಿನ ಸಂಗೀತ, ಅದನ್ನೇ ಸಿಡಿಯ ಮಟ್ಟಕ್ಕೆ ಇಳಿಸಿದ್ದು, ಎರಡನ್ನೂ ಯಾವುದೆಂದು ಹೇಳದೆ ಕೇಳಿಸಿದರು. 554 ಪರೀಕ್ಷೆಗಳಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ರಾಯರು ಜಗ್ಗಲಿಲ್ಲ. ‘ಯಾವುದೂಂತ ಹೇಳದೆ ಕೂಡಿಸಿದರೆ ಕಿವಿಗೆ ಗಾಬರಿಯಾಗುತ್ತೆ ಸ್ವಾಮಿ’ ಎಂದರು. ಬೆಲೆಚೀಟಿ ಕಣ್ಣಿಗೆ ಬೀಳುವ ತನಕ ಅವರ ಕಿವಿ ಬಾಯಿ ಬಿಡುವುದಿಲ್ಲ.

ಎಳೆಯರ ಕಿವಿ ಸುಮಾರು 20,000 ಹರ್ಟ್ಸ್ ತನಕ ಕೇಳುತ್ತದೆ. ವಯಸ್ಸಾದಂತೆ ಮೇಲಿನಿಂದ ಒಂದೊಂದೇ ಮೆಟ್ಟಿಲು ಕಳಚುತ್ತದೆ. ಮೊಮ್ಮಗ ಫೋನಿನಲ್ಲಿ 15,000 ಹರ್ಟ್ಸಿನ ಕೀರಲು ಸದ್ದು ಹಾಕಿ ತನ್ನ ಕಿವಿಯನ್ನೇ ಮುಚ್ಚಿಕೊಂಡ. ತಾತ ಕಾಲು ಕುಣಿಸುತ್ತಾ, ‘ಹಾಕೋ ಮರಿ, ಇನ್ನೂ ಯಾಕೆ ತಡ?’ ಎಂದರು.

ಕಳೆದ ಮಾಘದಲ್ಲಿ ಅವರ ಮನೆಯಲ್ಲಿ ಮದುವೆ. ನೆಂಟರಿಗೆಂದು ಬಾಡಿಗೆಗೆ ತಂದ ಹಾಸಿಗೆಗಳು ಹಾಲಿನ ಮೂಲೆಯಲ್ಲಿ ಸೂರಿನೆತ್ತರಕ್ಕೆ ನಿಂತವು. ಟೈಲ್ಸ್ ನೆಲಕ್ಕೂ ಬೋಳು ಗೋಡೆಗೂ ಬಡಿದು ಮರಳುತ್ತಿದ್ದ ಸದ್ದನ್ನು ಹತ್ತಿ ನುಂಗಿಕೊಂಡಿತು. ಪಿಟೀಲು ನಿಜಕ್ಕೂ ತಿಳಿಯಾಯಿತು. ರಾಯರು ಕುಣಿದಾಡಿದರು: ‘ಹೇಳಿರಲಿಲ್ವೆ? ವೈರು ಇನ್ನೂರು ಗಂಟೆ ಓಡಿ ಪಳಗಬೇಕು ಅಂತ!’ ನೆಂಟರು ಹೋದರು, ಹಾಸಿಗೆಗಳೂ ಹೋದವು, ಹಳೆಯ ಗದ್ದಲ ಮರಳಿತು. ಅವರ ಮನೆಯವರು ಕೇಳಿದರು: ‘ಏನೂಂದ್ರೆ, ಹಾಸಿಗೆ ಹೋದ ತಕ್ಷಣ ನಿಮ್ಮ ವೈರು ಕಲಿತದ್ದೆಲ್ಲ ಮರೆತುಬಿಡ್ತಾ?’ ರಾಯರು ಉತ್ತರಿಸಲಿಲ್ಲ. ₹70,000ದ ವೈರು ತರಿಸುವುದರಲ್ಲಿದ್ದರು.

ನಿಮ್ಮ ಮನೆಯಲ್ಲೂ ಇಂಥ ರಾಯರು ಮೊಳಕೆಯೊಡೆಯುತ್ತಿದ್ದರೆ ಈಗಲೇ ಹೇಳಿಬಿಡಿ: ದುಡ್ಡನ್ನು ಮೊದಲು ಒಳ್ಳೆಯ ಸ್ಪೀಕರಿಗೆ ಹಾಕಲಿ, ಆಮೇಲೆ ದಪ್ಪ ಪರದೆಗೆ, ಜಮಖಾನಕ್ಕೆ. ಆ ವ್ಯತ್ಯಾಸ ಬೆಲೆ ಗೊತ್ತಿಲ್ಲದವರಿಗೂ ಕೇಳಿಸುತ್ತದೆ. ವೈರು ಎಸ್.ಪಿ. ರಸ್ತೆಯ ಅಗ್ಗದ್ದೇ ಸಾಕು.