ಸಿಮೆಂಟಿಗೆ ನಮ್ಮ ಆತಿಥ್ಯ

ವಾಡಿ, ಸೇಡಂ, ಮಳಖೇಡದ ಕಾರ್ಖಾನೆಯವರಿಗೆ ಸಿಮೆಂಟು ಮಾಡುವುದು ಗೊತ್ತು, ಅದನ್ನು ನೋಡಿಕೊಳ್ಳುವುದು ಗೊತ್ತಿಲ್ಲ. ಸುಣ್ಣದ ಕಲ್ಲನ್ನು 1450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡುತ್ತಾರೆ. ಹೊರಬಿದ್ದ ಕ್ಲಿಂಕರಿಗೆ ಜಿಪ್ಸಮ್ ಸೇರಿಸಿ ಹಿಟ್ಟಾಗುವಂತೆ ಅರೆದು 50 ಕೆಜಿಯ ಚೀಲಕ್ಕೆ ತುಂಬಿ ಲಾರಿ ಹತ್ತಿಸಿಬಿಡುತ್ತಾರೆ. ಅಷ್ಟು ಬೆಂಕಿ ಉಂಡು ಬಂದ ಜೀವಕ್ಕೆ ಒಂದಿಷ್ಟು ತಂಪು ಬೇಕು ಎಂಬ ಕರುಣೆ ಇರುವುದು ಮನೆ ಕಟ್ಟಿಸುವ ನಮಗೆ, ಅದರಲ್ಲೂ ಮಲೆನಾಡಿನವರಿಗೆ.

ಮಳೆ ಕಳೆದ ಮೇಲೆ ದರ ಏರಿಬಿಡುತ್ತದೆ ಎಂದು ವೈಶಾಖದಲ್ಲೇ ನೂರು ಮೂಟೆ ಇಳಿಸಿಕೊಳ್ಳುವುದು ನಮ್ಮ ಮೊದಲ ಜಾಣತನ. ಆಷಾಢದಲ್ಲಿ ಕೆಲಸ ಶುರು ಮಾಡುವಂತಿಲ್ಲ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಶುರು ಮಾಡಲು ಬಿಡುವುದೂ ಇಲ್ಲ. ಹೀಗೆ ಸಿಮೆಂಟಿಗೆ ಮೂರು ತಿಂಗಳು ಪುರುಸೊತ್ತು ಸಿಗುತ್ತದೆ. ಕೂಡಿಟ್ಟ ಸಿಮೆಂಟು ಮೂರು ತಿಂಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಬಲ ಕಳೆದುಕೊಳ್ಳುತ್ತದೆ, ಅದನ್ನು ಮತ್ತೆ ಪರೀಕ್ಷಿಸದೆ ಬಳಸಬಾರದು ಎಂದು ಎಂಜಿನಿಯರಿಂಗ್ ಪುಸ್ತಕಗಳು ಹೇಳುತ್ತವೆ. ಪುಸ್ತಕ ಬರೆದವರಿಗೆ ಪಂಚಾಂಗ ಗೊತ್ತಿರಲಿಕ್ಕಿಲ್ಲ.

ಇನ್ನು ಭಾರತೀಯ ಮಾನಕ ಬ್ಯೂರೊದ ಐಎಸ್ 4082 ಎಂಬ ದಾಖಲೆಯೊಂದಿದೆ. ಅದನ್ನು ಓದಿದರೆ ಸಿಮೆಂಟನ್ನು ಯಾರೂ ಮುಟ್ಟಬಾರದ ಮಡಿಯಲ್ಲಿ ಕೂರಿಸುವ ಹಟ ಕಾಣುತ್ತದೆ. ಮೂಟೆ ನೆಲಕ್ಕೆ ತಾಗಕೂಡದು, ಅರ್ಧ ಅಡಿಗೂ ಕಡಿಮೆಯಿಲ್ಲದ ಎತ್ತರದಲ್ಲಿ ಹಲಗೆ ಹಾಸಬೇಕು. ಗೋಡೆಗೂ ತಾಗಕೂಡದು, ಸುಮಾರು ಎರಡು ಅಡಿ ಬಿಡಬೇಕು. ಹತ್ತು ಮೂಟೆಗಿಂತ ಎತ್ತರ ಪೇರಿಸಕೂಡದು, ಎಂಟು ದಾಟಿದರೆ ಒಂದು ಸಾಲು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇಡಬೇಕು. ಮಳೆಗಾಲದಲ್ಲಿ ಇಡೀ ರಾಶಿಯನ್ನು ಪಾಲಿಥೀನ್ ಹಾಳೆಯಲ್ಲಿ ಸುತ್ತಿ, ಮೇಲ್ಗಡೆಯೂ ಮುಚ್ಚಬೇಕು. ಇಷ್ಟು ದೂರ ಇಟ್ಟರೆ ಅದಕ್ಕೆ ನಮ್ಮ ಮನೆಯ ಮೇಲೆ ಮಮತೆ ಹುಟ್ಟುವುದು ಹೇಗೆ?

ನಮ್ಮಲ್ಲಿ ಹಾಗಿಲ್ಲ. ಮೂಟೆ ಬಂದ ದಿನವೇ ಮಣ್ಣಿನ ನೆಲದ ಮೇಲೆ ಕೂತು ಮಣ್ಣಿನ ಪಸೆ ಹೀರುತ್ತದೆ. ಇನ್ನೂ ಕ್ಯೂರಿಂಗ್ ನಡೆಯುತ್ತಿರುವ ಗೋಡೆಗೆ ಒರಗಿ ಅದರ ನೀರಿನಲ್ಲೂ ಪಾಲು ಪಡೆಯುತ್ತದೆ. ಕಿಟಕಿಗೆ ಬಾಗಿಲಿಲ್ಲದ ಕಾರಣ ಗಾಳಿಗೇನೂ ಕೊರತೆಯಿಲ್ಲ. ಅಲ್ಲಿ ಇಲ್ಲಿ ತೂತಾದ ತಾಡಪಾಲಿನ ಮೇಲೆ ಕಲ್ಲು ಹೇರಿಟ್ಟರೆ ನೀರು ಕಲ್ಲಿನ ಗುಂಡಿಯಲ್ಲಿ ನಿಂತು, ಆಮೇಲೆ ಸಾವಕಾಶವಾಗಿ, ಯಾರಿಗೂ ಗೊತ್ತಾಗದಂತೆ ಒಳಗಿಳಿಯುತ್ತದೆ. ಸಿಮೆಂಟಿಗೆ ನೀರು ಸೇರಿದರೆ ಗಟ್ಟಿಯಾಗುವುದೇ ಅದರ ಹುಟ್ಟುಗುಣ. ಕಾರ್ಖಾನೆಯವರು ಹಾಕಿದ ಜಿಪ್ಸಮ್ ಆ ಆತುರವನ್ನು ಕೊಂಚ ತಡೆಯುತ್ತದೆ, ಅಷ್ಟೆ. ಮರಳು, ಜಲ್ಲಿ, ಬಾಂಡ್ಲಿ ಯಾವುದರ ಹಂಗೂ ಇಲ್ಲದೆ ಚೀಲದೊಳಗೇ ಅದು ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಇಷ್ಟೊಂದು ಸ್ವಾವಲಂಬನೆ ನಮ್ಮ ಗುತ್ತಿಗೆದಾರರಲ್ಲೂ ಕಾಣುವುದಿಲ್ಲ.

ಹಿರಿತನಕ್ಕೆ ಕೊಡುವ ಗೌರವವನ್ನಂತೂ ಮರೆಯುವಂತಿಲ್ಲ. ಮೊದಲು ಬಂದ ಮೂಟೆಯನ್ನು ಮೊದಲು ಖರ್ಚು ಮಾಡಬೇಕಂತೆ, ಅದಕ್ಕೆಂದೇ ತಯಾರಾದ ವಾರ ಮತ್ತು ವರ್ಷವನ್ನು ಚೀಲದ ಮೇಲೆ ಅಚ್ಚು ಹಾಕಿರುತ್ತಾರಂತೆ. ಹಿರಿಯರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಯಾವ ಸಂಸ್ಕಾರ? ನಾವು ಹೊಸ ಮೂಟೆಯನ್ನು ಮೇಲೆ ಪೇರಿಸಿ ಅದನ್ನೇ ಮೊದಲು ಒಡೆಯುತ್ತೇವೆ. ಹಳೆಯವು ತಳದಲ್ಲಿ ಹದಿನೈದು ಮೂಟೆಯ ಭಾರ ಹೊತ್ತು ನಿಶ್ಚಿಂತೆಯಾಗಿರುತ್ತವೆ. ಅಚ್ಚು ಗೋಡೆಯ ಕಡೆಗಿರುವುದರಿಂದ ಅವುಗಳ ವಯಸ್ಸು ಕೇಳುವ ಅಸಭ್ಯತೆಯೂ ತಪ್ಪುತ್ತದೆ.

ಕೊನೆಗೂ ಶ್ರಾವಣದಲ್ಲಿ ಸ್ಲ್ಯಾಬ್ ಹಾಕುವ ದಿನ ಆ ಸಾಲು ಹೊರಬರುತ್ತದೆ. ಬರೀ ಭಾರಕ್ಕೆ ಗಂಟಾದ ಸಿಮೆಂಟು ಮೂಟೆಯನ್ನು ನಾಲ್ಕು ಸುತ್ತು ಉರುಳಿಸಿದರೆ ಬಿಟ್ಟುಕೊಳ್ಳುತ್ತದೆ. ತೇವ ಕುಡಿದು ಗಂಟಾದದ್ದು ಬೆರಳಲ್ಲಿ ಹಿಸುಕಿದರೂ ಪುಡಿಯಾಗುವುದಿಲ್ಲ, ಅದನ್ನು ಎಸೆಯಬೇಕು. ನಮ್ಮ ಮೇಸ್ತ್ರಿಗೆ ಇಂಥ ಭೇದಭಾವವಿಲ್ಲ. ಎರಡಕ್ಕೂ ಒಂದೇ ಸುತ್ತಿಗೆ, ಒಂದೇ ಜರಡಿ. “ಒಂದು ಮೂಟೆ ಜಾಸ್ತಿ ಹಾಕಿದ್ರೆ ಆಯ್ತು ಸ್ವಾಮಿ, ಏನೂ ಆಗಲ್ಲ” ಎನ್ನುತ್ತಾನೆ. ಆ ‘ಏನೂ ಆಗಲ್ಲ’ ಎಂಬುದರ ಮೇಲೆ ನಿಂತಿರುವ ಮನೆಗಳಿಂದಲೇ ಸೋರಿಕೆ ನಿಲ್ಲಿಸುವವರ ಸಂಸಾರ ನಡೆಯುತ್ತಿದೆ. ಸುತ್ತಿಗೆಗೂ ಬಗ್ಗದ ಮೂಟೆಗಳಿಗೂ ನಮ್ಮಲ್ಲಿ ಜಾಗವಿದೆ. ಒಂದು ಜಗುಲಿಯ ಮೆಟ್ಟಿಲಾಗುತ್ತದೆ, ಇನ್ನೊಂದರ ಮೇಲೆ ಬಟ್ಟೆ ಒಗೆಯಬಹುದು.

ಗೃಹಪ್ರವೇಶ ಮುಗಿಸಿದ ಪರಿಚಯದವರೊಬ್ಬರು ಮಿಕ್ಕ ಎಂಟು ಮೂಟೆಯನ್ನು ಬರುವ ವರ್ಷದ ಕಾಂಪೌಂಡಿಗೆಂದು ಜೋಪಾನ ಮಾಡಿದ್ದಾರೆ. ಎಲ್ಲಿಟ್ಟಿದ್ದೀರಿ ಅಂದೆ. “ಬಚ್ಚಲುಮನೇಲಿ, ಹಂಡೆ ಒಲೆ ಪಕ್ಕ. ಅಲ್ಲಾದ್ರೆ ಬೆಚ್ಚಗಿರುತ್ತಲ್ಲ ಮಾರಾಯ್ರೆ” ಅಂದರು.