ಅಯ್ಯನವರು ನಗಬಾರದೆ?

ಸಭಾಪಾಲಕರಿಗೆ ವಾರಕ್ಕೆ ಒಂದೇ ದಿನ ಕೆಲಸ ಎಂದು ನಂಬಿದವರು ಎಲ್ಲ ಸಭೆಗಳಲ್ಲೂ ಇದ್ದಾರೆ. ಆ ಒಂದು ದಿನದ ಪ್ರಸಂಗ ಇಪ್ಪತ್ತು ನಿಮಿಷ ದಾಟಿದರೆ ಗಡಿಯಾರ ನೋಡುವವರೂ ಅವರೇ. ಮಿಕ್ಕ ದಿನಗಳಲ್ಲಿ ಆಸ್ಪತ್ರೆ, ಸಮಾಧಿ, ಮದುವೆ ಮಾತುಕತೆ, ಅಣ್ಣತಮ್ಮಂದಿರ ಆಸ್ತಿ ಜಗಳ, ಗಾಯನ ತಂಡದ ಮುನಿಸು, ಶಾಲೆಯ ಸೀಟಿಗೊಂದು ಶಿಫಾರಸು ಪತ್ರ ಎಲ್ಲವೂ ಸಭಾಪಾಲಕರ ಪಾಲಿಗೇ. ಸುಗ್ಗಿ ಹಬ್ಬ ಬಂತೆಂದರೆ ಹರಾಜು ಬೇರೆ. ಆಗಷ್ಟೇ ಆಶೀರ್ವಾದ ಹೇಳಿದ ಕಂಠವೇ ಅಂಗಳಕ್ಕೆ ಬಂದು ಬೂದುಗುಂಬಳ ಎತ್ತಿ ಹಿಡಿದು ‘ಐನೂರು ಒಂದು ಸಾರಿ, ಐನೂರು ಎರಡು ಸಾರಿ’ ಎನ್ನಬೇಕು. ಕಾಲು ಕಟ್ಟಿಸಿಕೊಂಡ ನಾಟಿ ಹುಂಜ ನಡುವೆ ಕೂಗಿದರೆ, ಕೋಳಿ ಕೂಗುವ ಮುನ್ನ ಯೇಸುವನ್ನು ಅರಿಯೆನೆಂದ ಪೇತ್ರನ ನೆನಪಾಗಿ ಸಭೆಯೆಲ್ಲ ನಗಬಹುದು, ಅಯ್ಯನವರು ನಗಬಾರದು. ನನ್ನ ತಕರಾರು ಈ ಕಟ್ಟಳೆಯ ಮೇಲೆ. ತನ್ನ ಪಾಡಿಗೆ ತಾನೇ ನಗಲಾರದ ಸೇವಕ ತನ್ನ ಪಾಡನ್ನು ನಿಜವಾಗಿ ಹೇಳಿಕೊಳ್ಳುವುದೂ ಕಷ್ಟ.

ಬೈಬಲ್ಲಿಗೆ ಈ ಮುಜುಗರವೇ ಇಲ್ಲ. ತ್ರೋವದಲ್ಲಿ ಪೌಲ ನಡುರಾತ್ರಿಯವರೆಗೆ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಕನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಹುಡುಗನಿಗೆ ಜೀವ ಬಂತು. ಪೌಲ ಮೇಲೆ ಹೋಗಿ, ರೊಟ್ಟಿ ಮುರಿದು, ಬೆಳಗಾಗುವವರೆಗೂ ಮಾತು ಮುಂದುವರಿಸಿದ! ಲೂಕ ಇದನ್ನು ಮುಚ್ಚಿಡದೆ, ಕೋಣೆಯಲ್ಲಿ ಬಹಳ ದೀಪಗಳಿದ್ದವೆಂಬುದನ್ನೂ ಬಿಡದೆ, ಅಪೊಸ್ತಲರ ಕೃತ್ಯಗಳಲ್ಲಿ ಬರೆದಿಟ್ಟ. ಮೋಶೆಯಂತೂ, ಈ ಜನರನ್ನೆಲ್ಲ ಹೆತ್ತವನು ನಾನೇನು ಎಂದು ದೇವರನ್ನೇ ಕೇಳಿದ; ಹೊರೆ ಇಳಿಸದಿದ್ದರೆ ಕೊಂದುಬಿಡು ಎಂದ. ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಕೂತು ಸಾಯುವುದೇ ಮೇಲು ಎಂದಾಗ ಅವನಿಗೆ ಸಿಕ್ಕ ಚಿಕಿತ್ಸೆ ಗಮನಿಸಬೇಕು. ದೂತ ಬಂದು ಧೈರ್ಯದ ಬಗ್ಗೆ ಉಪದೇಶ ಕೊಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ನಿದ್ದೆ. ಎದ್ದ ಮೇಲೆ ಮತ್ತೊಂದು ಸಲ ಊಟ. ಸಭಾ ಸಮಿತಿಯ ಮುಂದೆ ಬಂದಿದ್ದರೆ ಈ ಎರಡನೆಯ ಊಟದ ಖರ್ಚು ಮಂಜೂರಾಗುತ್ತಿತ್ತೇ ಎಂಬುದು ಅನುಮಾನ.

ಅಯ್ಯನವರೇ ಕುಗ್ಗಿದ್ದೇನೆಂದರೆ ನಮ್ಮ ನಂಬಿಕೆಯ ಗತಿಯೇನು ಎಂದು ಕೆಲವರು ಕೇಳುತ್ತಾರೆ. ಬೋಧಕ ಸ್ಪರ್ಜನ್ ಅವರನ್ನು ನೋಡಬಹುದು. ಲಂಡನ್ನಿನಲ್ಲಿ ಸಾವಿರಾರು ಜನ ಅವರ ಪ್ರಸಂಗಕ್ಕೆ ಮುಗಿಬೀಳುತ್ತಿದ್ದರು. 1856ರಲ್ಲಿ ಅವರ ಕೂಟವೊಂದರಲ್ಲಿ ಯಾರೋ ‘ಬೆಂಕಿ’ ಎಂದು ಕೂಗಿ, ನೂಕುನುಗ್ಗಲಾಗಿ ಏಳು ಜನ ಸತ್ತರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಆ ಪೆಟ್ಟು ಕೊನೆಯವರೆಗೂ ಬಿಡಲಿಲ್ಲ. ಆದರೂ ಬೋಧಕರಾಗಲು ಓದುತ್ತಿದ್ದ ಹುಡುಗರ ಮುಂದೆ ಸೇವಕರ ಖಿನ್ನತೆಯ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟರು, ತಮ್ಮನ್ನು ಹೊರಗಿಡದೆ. ಅದೇ ಮನುಷ್ಯ ಪ್ರಸಂಗಪೀಠದಲ್ಲಿ ತಮಾಷೆ ಮಾಡುತ್ತಾರೆಂದು ಬೈಸಿಕೊಂಡವರು ಕೂಡ. ಅದರಿಂದ ಕೇಳುವವರು ಕಡಿಮೆಯಾಗಲಿಲ್ಲ. ನಂಬಿಕೆಗೆ ಪೆಟ್ಟು ಬೀಳುವುದು ಅದುಮಿಟ್ಟ ದಣಿವು ಒಂದು ದಿನ ಸಿಟ್ಟಾಗಿ ಹೊರಬಿದ್ದಾಗ. ಅಷ್ಟರಲ್ಲಿ ಹೆಂಡತಿ ಮಕ್ಕಳು ಅದರ ರುಚಿ ನೋಡಿರುತ್ತಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ನಗೆಯೂ ಮುಖವಾಡವಾಗಬಹುದಲ್ಲ? ಆಗಬಹುದು. ಪ್ರತಿ ಭಾನುವಾರ ಚಟಾಕಿ ಹಾರಿಸಿ, ಸೋಮವಾರ ಬಾಗಿಲು ಹಾಕಿಕೊಂಡು ಕೂರುವವರಿಲ್ಲವೆಂದಲ್ಲ. ಯಾರೋ ನಂಬಿ ಹೇಳಿದ ಸಂಕಟವನ್ನು ಹೆಸರು ಬಿಟ್ಟು ಪ್ರಸಂಗದ ದೃಷ್ಟಾಂತ ಮಾಡುವವರೂ ಇದ್ದಾರೆ. ಚಿಕ್ಕ ಊರಿನಲ್ಲಿ ಹೆಸರು ಬಿಟ್ಟರೂ ಗುರುತು ಹತ್ತುತ್ತದೆ, ಅದು ದ್ರೋಹ. ನಾನು ಹೇಳುತ್ತಿರುವ ನಗೆ ತನ್ನ ಮೇಲೆ ತಿರುಗಿದ್ದು, ಅದರ ಹಿಂದೆಯೇ ‘ಈ ವಾರ ಆಗುವುದಿಲ್ಲ’ ಎಂಬ ನೇರ ಮಾತು ಬರುವಂಥದ್ದು. ಆ ಮಾತಿಗೆ ಸಭೆ ಏನು ಉತ್ತರ ಕೊಡುತ್ತದೆ ಎಂಬುದರಲ್ಲಿದೆ ತೊಡಕೆಲ್ಲ. ಎಲ್ಲರಿಗೂ ವಿಶ್ರಾಂತಿಯ ದಿನವಾದದ್ದು ಅಯ್ಯನವರಿಗೆ ದುಡಿಮೆಯ ದಿನ. ಆದ್ದರಿಂದ ಸೋಮವಾರ ರಜೆಯೆಂದು ಇಟ್ಟುಕೊಂಡರೆ, ಬೆಳಗ್ಗೆ ಏಳಕ್ಕೇ ಫೋನು: ‘ಅಯ್ಯನವರೇ, ಇವತ್ತು ನಿಮಗೆ ರಜೆ ಅಂತ ಗೊತ್ತು. ಹೇಗೂ ಬಿಡುವಾಗಿದ್ದೀರಲ್ಲ, ನಮ್ಮ ಮನೆಗೊಂದು ಸಲ ಬಂದು ಪ್ರಾರ್ಥನೆ ಮಾಡಿ ಹೋಗಿ.’